ಸಸಾರಜನಕ: ‘ಸ’ ಎರಡು, ಎರಡೂ ಬೇಕು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಜಿಮ್‌ನವರು ಫ್ಲೆಕ್ಸ್ ಕಟ್ಟಿದ್ದಾರೆ: ‘ಓಟಗಾರರೇ, ಕಬಡ್ಡಿ ಪಟುಗಳೇ, ದಿನಕ್ಕೆ 100 ಗ್ರಾಂ ಸಾರಜನಕ ತಿನ್ನಿ!’ ಜೊತೆಗಿದ್ದ ನಮ್ಮ ಸೋದರಮಾವ ಗುಬ್ಬಿ ಕಡೆ ತೆಂಗು, ರಾಗಿ ಬೆಳೆಯುವವರು. ಎರಡು ಸಲ ಓದಿಕೊಂಡು, ‘ಏನ್ಲಾ ಇದು, ಯೂರಿಯಾ ತಿನ್ನಿ ಅಂತ ಬರ್ದವ್ರೆ?’ ಅಂದರು.

ಮಾವ ಓದಿದ್ದೇ ಸರಿ. ಸಾರಜನಕ ಅಂದರೆ ನೈಟ್ರೋಜನ್. ಗೊಬ್ಬರದ ಚೀಲ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಅಂತ ನಿದ್ದೆಯಲ್ಲೂ ಹೇಳುತ್ತಾರೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಅದೇ. ಜಿಮ್‌ನವರು ಹೇಳಹೊರಟದ್ದು ಪ್ರೋಟೀನ್. ಅದಕ್ಕೆ ಪಠ್ಯಪುಸ್ತಕದ ಹೆಸರು ಸಸಾರಜನಕ. ಒಂದು ‘ಸ’ ಬಿದ್ದುಹೋಗಿದೆ. ಇವರೊಬ್ಬರದೇ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ಈ ತಿಂಗಳಲ್ಲಿ ನಾನು ಕಂಡದ್ದರಲ್ಲಿ ಇದು ನಾಲ್ಕನೆಯದು: ಶಾಲೆಯೊಂದರ ಗೋಡೆಬರಹ, ವಾಟ್ಸ್‌ಆ್ಯಪ್‌ನಲ್ಲಿ ತಿರುಗುತ್ತಿರುವ ‘ಕ್ರೀಡಾಪಟುವಿನ ಊಟದ ಪಟ್ಟಿ’, ಪತ್ರಿಕೆಯೊಂದರ ಆರೋಗ್ಯ ಪುಟ, ಈಗ ಈ ಫ್ಲೆಕ್ಸ್.

ಈ ‘ಜನಕ’ಗಳ ವಂಶಾವಳಿ ಮಜವಾಗಿದೆ. 18ನೇ ಶತಮಾನದ ಕೊನೆಗೆ ಫ್ರಾನ್ಸಿನ ಲಾವೋಸಿಯೆ ಮತ್ತು ಅವನ ಸಂಗಡಿಗರು ಅನಿಲಗಳಿಗೆ ಹೊಸದಾಗಿ ನಾಮಕರಣ ಮಾಡಿದರು. ಹುಳಿ ಹುಟ್ಟಿಸುವುದು ಆಕ್ಸಿಜನ್, ನೀರು ಹುಟ್ಟಿಸುವುದು ಹೈಡ್ರೋಜನ್. ಎಲ್ಲ ಆಮ್ಲದಲ್ಲೂ ಆಕ್ಸಿಜನ್ ಇದ್ದೇ ಇರುತ್ತದೆ ಅಂತ ಲಾವೋಸಿಯೆ ನಂಬಿದ್ದ. ಅದು ತಪ್ಪು ಅಂತ ಆಮೇಲೆ ಗೊತ್ತಾದರೂ ಹೆಸರು ಹಾಗೇ ಉಳಿಯಿತು, ನಾವೂ ಅದನ್ನೇ ಆಮ್ಲಜನಕ, ಜಲಜನಕ ಅಂತ ಇಳಿಸಿಕೊಂಡೆವು. ನೈಟ್ರೋಜನ್ನಿಗೆ ಅವನಿಟ್ಟ ಹೆಸರು ಬೇರೆ, ಅಜೋಟ್. ಅದರೊಳಗೆ ಪ್ರಾಣಿ ಬದುಕುವುದಿಲ್ಲವಾದ್ದರಿಂದ ‘ಜೀವವಿಲ್ಲದ್ದು’ ಅನ್ನುವ ಅರ್ಥ. 1790ರಲ್ಲಿ ಶಾಪ್ತಾಲ್ ಎಂಬಾತ ನೈಟ್ರೋಜನ್ ಅಂದ, ಅಂದರೆ ಪೆಟ್ಲುಪ್ಪು (ಸಿಡಿಮದ್ದಿಗೆ ಹಾಕುವ ಉಪ್ಪು) ಹುಟ್ಟಿಸುವುದು. ಕನ್ನಡದವರು ಪೆಟ್ಲುಪ್ಪಿನ ಗೊಡವೆಗೆ ಹೋಗಲಿಲ್ಲ, ಜೀವವಿಲ್ಲದ್ದು ಅಂತಲೂ ಅನ್ನಲಿಲ್ಲ. ‘ಈ ಹೊಲದಲ್ಲಿ ಸಾರ ಇಲ್ಲ’ ಅನ್ನುತ್ತೇವಲ್ಲ, ಆ ಸಾರವನ್ನು ಹುಟ್ಟಿಸುವುದು ಸಾರಜನಕ. ಪರದೇಶದ ಎರಡು ಹೆಸರಿಗಿಂತ ನಮ್ಮದೇ ಚೆಂದ ಅಂತ ನನ್ನ ಖಾಸಗಿ ತೀರ್ಪು.

ಇನ್ನು ಮುಂದಿನ ‘ಸ’. ಸಕುಟುಂಬ, ಸಪರಿವಾರ, ಸಶಸ್ತ್ರ ಇವುಗಳಲ್ಲಿರುವ ‘ಸ’ವೇ ಅದು, ‘ಕೂಡಿದ’ ಅಂತ ಅರ್ಥ. ಸಾರಜನಕದಿಂದ ಕೂಡಿದ್ದು ಸಸಾರಜನಕ. ಪಿಷ್ಟದಲ್ಲಿ, ಸಕ್ಕರೆಯಲ್ಲಿ, ಎಣ್ಣೆಯಲ್ಲಿ ಸಾರಜನಕ ಇಲ್ಲ, ಪ್ರೋಟೀನಿನಲ್ಲಿ ಮಾತ್ರ ತಪ್ಪದೆ ಇರುತ್ತದೆ. ಹೆಸರಿಟ್ಟವರು ಆ ಗುಣವನ್ನೇ ಹಿಡಿದಿದ್ದಾರೆ. ಮದುವೆ ಕರೆಯೋಲೆಯಲ್ಲಿ ‘ಸಕುಟುಂಬ’ದ ‘ಸ’ ತೆಗೆದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಫ್ಲೆಕ್ಸಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ‘ಸರ್, ನಾವು ಎರಡು ಸ ಬರೆದೇ ಕೊಟ್ಟಿದ್ವಿ, ಡಿಟಿಪಿ ಹುಡುಗ ಮಿಸ್ಟೇಕು ಅಂತ ಒಂದು ತೆಗ್ದವ್ನೆ’ ಅಂದರು. ಹುಡುಗನನ್ನೂ ಬೈಯುವಂತಿಲ್ಲ. ‘ಸಸಾರ’ ಅಂದರೆ ನಮ್ಮಲ್ಲಿ ಸುಲಭ, ಸದರ. ‘ಅವನನ್ನ ಸಸಾರ ಮಾಡಬೇಡ’ ಅನ್ನುವ ಮಾತಿದೆ. ಪದ ಬಿಡಿಸಲು ಗೊತ್ತಿಲ್ಲದವನಿಗೆ ಸಸಾರಜನಕ ತಮಾಷೆಯಾಗಿಯೇ ಕಾಣುತ್ತದೆ. ಪಾವಗಡದ ಕಡೆ ತೆಲುಗಾಡುವವರಿಗೆ ಈ ಪೇಚಿಲ್ಲ. ಅವರಿಗೆ ಪ್ರೋಟೀನ್ ಮಾಂಸಕೃತ್ತುಲು, ನೈಟ್ರೋಜನ್ ನತ್ರಜನಿ. ಅದಲು ಬದಲು ಮಾಡಬೇಕೆಂದರೂ ಆಗುವುದಿಲ್ಲ.

‘ಅರ್ಥ ಆದ್ರೆ ಸಾಕಲ್ವಾ, ಒಂದಕ್ಷರಕ್ಕೆ ಇಷ್ಟೊಂದಾ?’ ಅನ್ನುವವರು ಲೆಕ್ಕ ನೋಡಿ. ಪ್ರೋಟೀನಿನ ತೂಕದಲ್ಲಿ ಸಾರಜನಕ ಸುಮಾರು ನೂರಕ್ಕೆ 16. ಅಂದರೆ 100 ಗ್ರಾಂ ಸಾರಜನಕ ಬೇಕಿದ್ದರೆ 625 ಗ್ರಾಂ ಪ್ರೋಟೀನ್ ತಿನ್ನಬೇಕು. ಮೊಟ್ಟೆಗೆ ಆರು ಗ್ರಾಂ ಹಿಡಿದರೂ ದಿನಕ್ಕೆ ನೂರಾನಾಲ್ಕು ಮೊಟ್ಟೆ.

ಮೋಸ ನಡೆಯುವುದೂ ಈ ಅಕ್ಷರದ ಸಂದಿಯಲ್ಲೇ. ಡಬ್ಬಿಯ ಮೇಲೆ ‘ಪ್ರೋಟೀನ್ ಇಷ್ಟು ಗ್ರಾಂ’ ಅಂತ ಇರುತ್ತದಲ್ಲ, ಅದನ್ನು ಬಹಳ ಮಟ್ಟಿಗೆ ನೇರವಾಗಿ ಅಳೆದಿರುವುದಿಲ್ಲ. ಡೆನ್ಮಾರ್ಕಿನ ಯೊಹಾನ್ ಕೆಲ್ದಾಲ್ 1883ರಲ್ಲಿ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಹುಡುಕಿದ ವಿಧಾನದಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಅಳೆಯುವುದು ಸಾರಜನಕ, ಬರೆಯುವುದು ಸಸಾರಜನಕ. ಯಂತ್ರಕ್ಕೆ ಆ ಸಾರಜನಕ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಪ್ಲಾಸ್ಟಿಕ್ ತಯಾರಿಸುವ ಮೆಲಮಿನ್ ಎಂಬ ರಾಸಾಯನಿಕ ಬೆರೆಸಿದ್ದು ಇದೇ ಕಾರಣಕ್ಕೆ. ಅದರ ತೂಕದ ಮೂರನೇ ಎರಡು ಪಾಲು ಸಾರಜನಕ. ನೀರು ಬೆರೆಸಿದ ಹಾಲೂ ಪರೀಕ್ಷೆಯಲ್ಲಿ ಗಟ್ಟಿ ಹಾಲಾಗುತ್ತದೆ. ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಕೆಲವು ಸತ್ತೇ ಹೋದವು. ಜಿಮ್ ಪುಡಿಗಳಿಗೂ ಗ್ಲೈಸೀನ್, ಟಾರೀನ್ ಅನ್ನುವ, ಸಾರಜನಕ ಇರುವ ಅಗ್ಗದ ವಸ್ತು ಬೆರೆಸಿ ಅಂಕಿ ಏರಿಸುವ ಕಸುಬಿದೆ. ಅಲ್ಲಿ ಗಿರಾಕಿ ಕೊಳ್ಳುವುದು ನಿಜಕ್ಕೂ ಒಂದು ‘ಸ’ ಕಮ್ಮಿ ಇರುವ ಮಾಲು.

ಫ್ಲೆಕ್ಸಿನ ಎರಡನೆಯ ಸಾಲು ಇನ್ನೂ ಕೆಟ್ಟದು: ‘ಸಾರಜನಕವೇ ಓಟದ ಶಕ್ತಿ.’ ‘ಸ’ ಸೇರಿಸಿದರೂ ಇದು ಸರಿಯಾಗುವುದಿಲ್ಲ. ಮಾಂಸಖಂಡ ತನ್ನ ಸಸಾರಜನಕವನ್ನೇ ಉರಿಸಿಕೊಂಡು ಕೆಲಸ ಮಾಡುತ್ತದೆ ಅಂತ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ಹೇಳಿದ್ದ. ದೊಡ್ಡ ಮನುಷ್ಯ, ಜನ ನಂಬಿದರು. 1865ರ ಆಗಸ್ಟಿನಲ್ಲಿ ಅಡಾಲ್ಫ್ ಫಿಕ್ ಮತ್ತು ವಿಸ್ಲಿಸೆನಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿ ಅದನ್ನು ಪರೀಕ್ಷಿಸಿದರು. ಹಿಂದಿನ ಮಧ್ಯಾಹ್ನದಿಂದಲೇ ಸಸಾರಜನಕ ಬಿಟ್ಟು ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆಗಳನ್ನು ತಿಂದರು. ಹತ್ತಿದ ಎತ್ತರ 1956 ಮೀಟರ್. ನಂದಿಬೆಟ್ಟವನ್ನು ಬುಡದಿಂದ ಮೂರು ಸಲ ಹತ್ತಿದರೂ ಅಷ್ಟಾಗುವುದಿಲ್ಲ. ಮೈಯಲ್ಲಿ ಸಸಾರಜನಕ ಕರಗಿದರೆ ಅದರ ಸಾರಜನಕ ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ; ದಾರಿಯುದ್ದಕ್ಕೂ ಉಚ್ಚೆ ಹಿಡಿದಿಟ್ಟು ಅದನ್ನು ಅಳೆದರು. ಕರಗಿದ ಸಸಾರಜನಕ ಅಷ್ಟು ಹತ್ತುವ ಕೆಲಸಕ್ಕೆ ಎಲ್ಲಿಗೂ ಸಾಲದು ಅಂತ ಗೊತ್ತಾಯಿತು. ಬೆಟ್ಟ ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು.

ಪಿಷ್ಟ ಅಂದರೆ ಸಂಸ್ಕೃತದಲ್ಲಿ ಹಿಟ್ಟು. ನಮ್ಮ ಕಡೆ ಮುದ್ದೆಗೂ ಹಿಟ್ಟು ಅಂತಲೇ ಅನ್ನುವುದು. ‘ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ’ ಅನ್ನುವ ಗಾದೆ ಅವರಿಬ್ಬರಿಗೆ ಗೊತ್ತಿದ್ದರೆ ಉಚ್ಚೆ ಅಳೆಯುವ ಕಷ್ಟ ತಪ್ಪುತ್ತಿತ್ತೇನೋ. ಆದರೆ ರಾಗಿ ಅಭಿಮಾನಿಗಳು ಈಗಲೇ ಹಿಗ್ಗುವುದು ಬೇಡ. ‘ರಾಗಿಯಲ್ಲಿ ಪ್ರೋಟೀನ್ ತುಂಬಿ ತುಳುಕುತ್ತದೆ’ ಅನ್ನುವುದೂ ಸುಳ್ಳು. 100 ಗ್ರಾಂ ಹಿಟ್ಟಿನಲ್ಲಿ ಏಳು ಗ್ರಾಂ ಆಸುಪಾಸು. ಅದರ ಹೆಚ್ಚುಗಾರಿಕೆ ಇರುವುದು ಸುಣ್ಣದಂಶದಲ್ಲಿ. ಸಸಾರಜನಕ ಬರುವುದು ಮುದ್ದೆ ಅದ್ದುವ ಬಟ್ಟಲಿನಿಂದ: ಹುರುಳಿ, ತೊಗರಿ, ಅವರೆ, ಇಲ್ಲವೇ ಕೋಳಿ. ಆಟಗಾರನಿಗೆ ದಿನಕ್ಕೆ ಮೈತೂಕದ ಕೆ.ಜಿ.ಗೆ 1.2ರಿಂದ 2 ಗ್ರಾಂ ಸಾಕು. ದಣಿದ ಖಂಡದ ರಿಪೇರಿಗೆ, ಬೆಳವಣಿಗೆಗೆ. ಓಡಿಸುವುದಕ್ಕಲ್ಲ.

ನಮ್ಮಣ್ಣನ ಮಗನಿಗೆ ಇದು ಕಾಲಿನಿಂದಲೇ ಗೊತ್ತಾಯಿತು. ಅರ್ಧ ಮ್ಯಾರಥಾನಿಗೆ ತಯಾರಾಗುತ್ತಿದ್ದವನು ಜಿಮ್‌ನವರ ಮಾತು ಕೇಳಿ ರಾತ್ರಿಯ ಮುದ್ದೆ ಬಿಟ್ಟು, ಎರಡು ವಾರ ಪುಡಿ ಕಲಸಿದ ಹಾಲು ಕುಡಿದು ಮಲಗಿದ. ಭಾನುವಾರ ದೇವರಾಯನದುರ್ಗದ ದಾರಿಯಲ್ಲಿ 14ನೇ ಕಿಲೋಮೀಟರಿಗೆ ಕಾಲು ಕಲ್ಲಾಗಿ, ಕಣ್ಣು ಮಂಜಾಗಿ, ಬೈಕಿನವರ ಹಿಂದೆ ಕೂತು ಮನೆಗೆ ಬಂದ. ಖಂಡದಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖಾಲಿ. ಅದನ್ನು ತುಂಬುವುದು ಮುದ್ದೆಯಂಥದ್ದೇ.

ಅವತ್ತು ರಾತ್ರಿ ಎರಡು ಮುದ್ದೆ ಹಾಕಿಸಿಕೊಂಡ. ‘ಇದಕ್ಕೇನಂತಾರೆ ಚಿಕ್ಕಪ್ಪ, ನಿಮ್ಮ ಪುಸ್ತಕದಲ್ಲಿ?’

‘ಶರ್ಕರಪಿಷ್ಟ.’

‘ಅದ್ರಲ್ಲಿ ಸ ಎಷ್ಟು?’