ಕಣಿವೆ ಬಿಟ್ಟು ಬಯಲಿಗೆ ನಡೆದ ಅಡಿಕೆ

ಹೊಸ ಅಡಿಕೆ ತೋಟಕ್ಕೆ ಜಾಗ ಹುಡುಕುವಾಗ ಮಲೆನಾಡಿನ ಹಳಬರು ಮಣ್ಣಿಗಿಂತ ಮೊದಲು ನೆರಳನ್ನು ನೋಡುತ್ತಿದ್ದರು. ಹೊತ್ತು ಇಳಿಯುವಾಗ ಪಡುವಣ ಗುಡ್ಡದ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂದು ಕಣ್ಣಳತೆಯಲ್ಲೇ ಗುರುತು ಮಾಡಿಕೊಂಡು, ಆ ಗೆರೆಯ ಒಳಗೆ ಗುಂಡಿ ತೋಡಿಸುತ್ತಿದ್ದರು. ಅಡಿಕೆ ಮರಕ್ಕೆ ಇಳಿಬಿಸಿಲು ಆಗಿಬರುವುದಿಲ್ಲ. ನೈಋತ್ಯದಿಂದ ಓರೆಯಾಗಿ ಬೀಳುವ ಬಿಸಿಲಿಗೆ ಎಳೆಯ ಕಾಂಡ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಹಾಗೆ ಸೀಳಿದ ಮರ ಮುಂದೊಂದು ಮಳೆಗಾಲದ ಗಾಳಿಗೆ ಅಲ್ಲಿಯೇ ಮುರಿದು ಬೀಳುತ್ತದೆ.

ಇಷ್ಟು ನಾಜೂಕಿನ ಮರ ಇಂದು ಶಿವಮೊಗ್ಗದಿಂದ ಚನ್ನಗಿರಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಕಾಣುತ್ತದೆ. ಅಲ್ಲಿ ನೆರಳು ಕೊಡುವ ಗುಡ್ಡವಿಲ್ಲ, ಒರತೆಯಿಲ್ಲ, ಸೊಪ್ಪು ತರಲು ಕಾಡೂ ಹತ್ತಿರವಿಲ್ಲ. ಅಡಿಕೆ ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದರೆ ‘ದುಡ್ಡಿನ ಬೆಳೆ, ಹೋಯಿತು’ ಎಂದು ಯಾರಾದರೂ ಥಟ್ಟನೆ ಹೇಳಿಬಿಡುತ್ತಾರೆ. ಉತ್ತರ ಸುಳ್ಳಲ್ಲ. ಆದರೆ ದುಡ್ಡು ಹಿಂದೆಯೂ ಇತ್ತು. ಶತಮಾನಗಳ ಕಾಲ ಆ ದುಡ್ಡಿಗೂ ಅಡಿಕೆಯನ್ನು ಕಣಿವೆಯಿಂದ ಕದಲಿಸಲು ಆಗಿರಲಿಲ್ಲ.

ಮೊದಲು ಮಳೆಯ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಅದು 1,000 ಮಿಲಿಮೀಟರ್‌ಗಿಂತ ಕೆಳಗಿಳಿದಿರುತ್ತದೆ. ಬಸ್ಸಿನಲ್ಲಿ ಎರಡು-ಮೂರು ತಾಸಿನ ಹಾದಿಯಲ್ಲಿ ಏಳರಲ್ಲಿ ಒಂದು ಪಾಲಾಗುವ ಮಳೆ! ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟದ ಗೋಡೆಗೆ ಬಡಿದು ಮೇಲೇರಿ, ತಣಿದು, ತನ್ನ ಭಾರವನ್ನೆಲ್ಲ ಅಂಚಿನಲ್ಲೇ ಇಳಿಸಿಬಿಡುತ್ತದೆ. ಪಡುವಣಕ್ಕೆ ಘಟ್ಟ ಕಡಿದಾಗಿದೆ, ಮೂಡಣಕ್ಕೆ ಮೆಲ್ಲನೆ ಇಳಿಯುತ್ತದೆ. ಹಾಗಾಗಿ ತುಂಗೆ, ಭದ್ರೆ, ವರದೆ, ಕುಮುದ್ವತಿ ಎಲ್ಲರೂ ಸಮುದ್ರಕ್ಕೆ ಬೆನ್ನು ತಿರುಗಿಸಿ ಒಳನಾಡಿಗೆ ಹರಿಯುತ್ತಾರೆ. ಶರಾವತಿಯಾದರೋ ಪಡುವಣಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ನದಿಗಳ ಈ ದಿಕ್ಕಿನ ವಿಚಾರ ಮುಂದೆ ಮತ್ತೆ ಬರುತ್ತದೆ.

ಇಷ್ಟು ಮಳೆ ಬೀಳುವ ನಾಡಿನ ಮಣ್ಣು ಫಲವತ್ತಾಗಿಯೇ ಇರುತ್ತದೆ ಎಂದು ಹೊರಗಿನವರು ಭಾವಿಸುತ್ತಾರೆ. ನಿಜ ಸಂಗತಿ ಬಹುಮಟ್ಟಿಗೆ ಉಲ್ಟಾ. ಸಾವಿರಾರು ವರ್ಷಗಳ ಮಳೆ ಗುಡ್ಡದ ಮಣ್ಣಿನಿಂದ ಸುಣ್ಣ, ಪೊಟ್ಯಾಶ್‌ನಂಥ ಸತ್ವಗಳನ್ನು ತೊಳೆದು ಒಯ್ದಿದೆ. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದೇ ನಮ್ಮ ಜಂಬಿಟ್ಟಿಗೆ ಮಣ್ಣು: ನೋಡಲು ಕೆಂಪಗೆ ಚೆಂದ, ಹುಳಿ ಗುಣ, ಹೊಟ್ಟೆಗೆ ಕಡಿಮೆ. ಕಡಿದು ಒಣಗಿಸಿದರೆ ಮನೆ ಕಟ್ಟಲು ಒದಗುತ್ತದೆಯೇ ಹೊರತು ಗೊಬ್ಬರವಿಲ್ಲದೆ ಬೆಳೆ ಕೊಡುವುದಿಲ್ಲ. ತೊಳೆದುಹೋದ ಸತ್ವ ಮತ್ತು ನುಣುಪು ಮಣ್ಣು ಸೇರುವುದು ಕಣಿವೆಯ ತಳದಲ್ಲಿ. ನೀರಿನದೂ ಅದೇ ದಾರಿ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಆಷಾಢ ಕಳೆಯುವ ಹೊತ್ತಿಗೆ ಬುಡದಲ್ಲಿ ಒರತೆಯಾಗಿ ಏಳುತ್ತದೆ. ಒಳ್ಳೆಯ ಕಣಿವೆಯಾದರೆ ಬೇಸಗೆಯ ತನಕವೂ ಹನಿಯುತ್ತಲೇ ಇರುತ್ತದೆ.

ಅಡಿಕೆಯ ಬೇರು ಮೇಲುಮೇಲಿನದು. ನೀರು ನಿಂತರೆ ಕೊಳೆಯುತ್ತದೆ, ನೀರು ತಪ್ಪಿದರೆ ಒಣಗುತ್ತದೆ. ಅದಕ್ಕೆ ಬೇಕಾದದ್ದು ಗುಡ್ಡದ ಬುಡದ ಒಂದು ಇಕ್ಕಟ್ಟಾದ ಪಟ್ಟಿ: ಒರತೆಗಿಂತ ಕೆಳಗೆ, ಕೆಸರಿಗಿಂತ ಮೇಲೆ, ಪಡುವಣ ಬಿಸಿಲಿಗೆ ಮರೆಯಾಗಿ. ಸಾಲುಸಾಲಿಗೂ ಬಸಿಗಾಲುವೆ ತೋಡಿ ಆ ಪಟ್ಟಿಯನ್ನು ತೋಟ ಮಾಡಿದರು. ತೋಟದ ಕೆಳಗಿನ ಅಗಲ ಜಾಗ ಬೈಲು ಗದ್ದೆಯಾಯಿತು. ಮೇಲಿನ ಇಳಿಜಾರಿನಲ್ಲಿ ಮಳೆ ನೀರನ್ನಷ್ಟೇ ನಂಬಿ ಮಕ್ಕಿ ಗದ್ದೆ. ಅದರ ಮೇಲೆ ಸೊಪ್ಪಿನ ಬೆಟ್ಟ, ಅದಕ್ಕೂ ಆಚೆ ಕಾನು, ಅಂದರೆ ದಟ್ಟ ಹಸಿರು ಕಾಡು. ಸಾಗರ, ಹೊಸನಗರ, ತೀರ್ಥಹಳ್ಳಿಯ ಊರುಗಳು ಮನೆಗೊಂದು ಕಣಿವೆಯಂತೆ ಚದುರಿಕೊಂಡಿರುವುದೂ ಇದೇ ಕಾರಣಕ್ಕೆ. ಬಯಲುಸೀಮೆಯವರ ಹಾಗೆ ನೂರು ಮನೆ ಒಟ್ಟಿಗೆ ಕಟ್ಟಲು ಇಲ್ಲಿ ಅಷ್ಟು ಅಗಲದ ಕಣಿವೆಯೇ ಇಲ್ಲ.

ಮೂಡಣಕ್ಕೆ ಸರಿದಂತೆ ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ಬೇಸಾಯದ ಪಾಠವೇ ಬದಲಾಗುತ್ತದೆ. ಶಿಕಾರಿಪುರ, ಸೊರಬದ ಮೂಡಣ ಭಾಗದಲ್ಲಿ ಮಳೆಯನ್ನು ಹಿಡಿದಿಡದಿದ್ದರೆ ಭತ್ತವಿಲ್ಲ. ತಾಳಗುಂದದ ಕಂಬದ ಶಾಸನ ಕದಂಬ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಐದನೆಯ ಶತಮಾನದ ಮಾತು. ವರದೆಯ ದಂಡೆಯಲ್ಲಿ ಇನ್ನೊಂದು ತರಹ. ಇಳಿಜಾರು ಕಡಿಮೆಯಾದ್ದರಿಂದ ನೆರೆ ಬಂದರೆ ಗದ್ದೆಯ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಅಲ್ಲಿಯ ರೈತರು ನೀರಿನೊಂದಿಗೆ ಜಗಳಕ್ಕೆ ಹೋಗದೆ, ಮುಳುಗಿದರೂ ಸಾಯದ ಭತ್ತವನ್ನು ಆರಿಸಿಕೊಂಡರು. ನೆರೆಗುಳಿ ಎಂಬ ಹೆಸರಿನಲ್ಲೇ ಅದರ ಗುಣ ಇದೆ.

ಭೂಮಿಯ ಈ ತರತಮವನ್ನು ಆಡಳಿತದ ಲೆಕ್ಕಕ್ಕೆ ತಂದ ಕೀರ್ತಿ ಕೆಳದಿಯ ಶಿವಪ್ಪನಾಯಕನದು. 1645ರಿಂದ 1660ರವರೆಗೆ ಆಳಿದ ಅವನ ‘ಶಿಸ್ತು’ ಇಂದಿಗೂ ಗಾದೆಯ ಹಾಗೆ ಬಳಕೆಯಲ್ಲಿದೆ. ಮಣ್ಣು ಮತ್ತು ನೀರನ್ನು ನೋಡಿ ಗದ್ದೆಗಳನ್ನು ತರಗತಿಗಳಾಗಿ ವಿಂಗಡಿಸಿ ಕಂದಾಯ ನಿಗದಿ ಮಾಡಿದ ಆ ಪದ್ಧತಿಯಲ್ಲಿ ತೋಟದ ಲೆಕ್ಕ ಬೇರೆಯೇ ಇತ್ತು. ಗದ್ದೆಗೆ ಬಿತ್ತನೆಯ ಅಳತೆಯಾದರೆ ತೋಟಕ್ಕೆ ಮರದ ಎಣಿಕೆ. ಅಂಕುಡೊಂಕು ಕಣಿವೆಯಲ್ಲಿ ಹಗ್ಗ ಹಿಡಿದು ಅಳೆಯುವುದಕ್ಕಿಂತ ಮರ ಎಣಿಸುವುದು ಜಾಣತನ ಎಂದು ನನಗನ್ನಿಸುತ್ತದೆ. ಕೆಳದಿ ಅರಸರ ಬೊಕ್ಕಸ ತುಂಬಿದ್ದು ಅಕ್ಕಿ, ಕಾಳುಮೆಣಸು, ಅಡಿಕೆಯಿಂದ. ಇವು ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದದ್ದಕ್ಕೆ ಕೋಟೆಯ ಗಟ್ಟಿತನಕ್ಕಿಂತ ಈ ವ್ಯಾಪಾರದ ಸೆಳೆತವೇ ದೊಡ್ಡದಿರಬೇಕು.

ಇನ್ನು ಸೊಪ್ಪಿನ ಬೆಟ್ಟ. ಗುಡ್ಡದ ಮಣ್ಣಿನ ಬಡತನವನ್ನು ಮೇಲೆ ಹೇಳಿದೆ. ತೋಟ ವರ್ಷವರ್ಷವೂ ಫಲ ಕೊಡಬೇಕಾದರೆ ಹೊರಗಿನಿಂದ ಸತ್ವ ತರಲೇಬೇಕು. ಬೇಸಗೆಗೆ ತರಗೆಲೆ, ಮಳೆಗಾಲಕ್ಕೆ ಹಸಿ ಸೊಪ್ಪು ತಂದು ಕೊಟ್ಟಿಗೆಯಲ್ಲಿ ಹಾಸಿ, ಸಗಣಿ ಗಂಜಲದೊಂದಿಗೆ ಗೊಬ್ಬರ ಮಾಡಿ ಮರದ ಬುಡಕ್ಕೆ ಹಾಕುತ್ತಿದ್ದರು. ಮಲೆನಾಡಿನ ದನ ಹಾಲಿಗಿಂತ ಹೆಚ್ಚಾಗಿ ಸಗಣಿಗೆ ಸಾಕಿದ್ದು ಎಂಬ ಮಾತು ತಮಾಷೆಯಷ್ಟೇ ಅಲ್ಲ. ಬ್ರಿಟಿಷರ ಕಾಲದಲ್ಲಿ ಕಾಡೆಲ್ಲ ಸರ್ಕಾರದ್ದಾದಾಗ ತೋಟಗಾರರು ಈ ಹಕ್ಕಿಗಾಗಿ ಪಟ್ಟು ಹಿಡಿದರು. ನೆರೆಯ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಗಟ್ಟಿಯಾಯಿತು. ಒಂದು ಎಕರೆ ಅಡಿಕೆಯ ಬೆನ್ನಿಗೆ ಒಂಬತ್ತು ಎಕರೆ ಕಾಡು! ಬೆಳೆಯ ನಿಜವಾದ ವಿಸ್ತೀರ್ಣ ಪಹಣಿಯಲ್ಲಿ ಕಾಣುವುದಿಲ್ಲ. ಇದೇ ಕಾಲಕ್ಕೆ ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯವನ್ನು ಹತ್ತಿಕ್ಕಲಾಯಿತು. ತೋಟ ಇದ್ದವನ ಬೆಟ್ಟ ಉಳಿಯಿತು, ಕುಮರಿ ಮಾಡುತ್ತಿದ್ದವನ ಗುಡ್ಡ ಹೋಯಿತು.

ಮಳೆ ಅಡಿಕೆಗೆ ನೀರನ್ನೂ ತಂದಿತು, ಕೊಳೆಯನ್ನೂ ತಂದಿತು. ಆಷಾಢದ ಜಡಿಮಳೆಯಲ್ಲಿ ಎಳೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹಳಬರ ಮದ್ದು ಕೊಡೆಯ ಹಾಗೆ ಗೊನೆಗೆ ಕೊಟ್ಟೆ ಕಟ್ಟುವುದು. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಇಂದಿಗೂ ಮಳೆ ಹಿಡಿಯುವ ಮುಂಚೆ ಮರ ಹತ್ತುವ ಕೊನೆಗಾರನನ್ನು ಕಾಡಿಬೇಡಿ ಕರೆತಂದು ಹೊಡೆಸುವುದು ಅದನ್ನೇ.

ಅಡಿಕೆ ಒಣಗಿಸುವ ರೀತಿಯಲ್ಲೂ ಊರಿನ ಹವೆಯ ಗುರುತಿದೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ನಲವತ್ತು ದಿನ ಬಿಸಿಲಿಗೆ ಹರವಿ ಚಾಲಿ ಮಾಡುವುದು ದಕ್ಷಿಣ ಕನ್ನಡದ ರೂಢಿ. ಇಲ್ಲಿ ಎಳೆಯದರಲ್ಲೇ ಕೊಯ್ದು, ಸುಲಿದು, ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸವಾದ ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಒಂದು ವಾರದ ಬಿಸಿಲು ಸಾಕು. ದೀಪಾವಳಿ ಕಳೆದರೂ ಮಂಜು, ಮೋಡ ಬಿಡದ ನಾಡಿಗೆ ಇದೇ ಹೊಂದುವ ದಾರಿ. ಬೇಯಿಸಲು ಸೌದೆ ಬೇಕು, ಅದನ್ನೂ ಬೆಟ್ಟವೇ ಕೊಟ್ಟಿತು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡವಾಗಿ ಮಂಡಿಗೆ ಹೋಗುತ್ತಿದ್ದ ಈ ಅಡಿಕೆಗೆ 1939ರಲ್ಲಿ ಬೆಳೆಗಾರರೇ ಶಿವಮೊಗ್ಗದಲ್ಲಿ ಮಾಮ್‌ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು.

ಇಲ್ಲಿಯವರೆಗೂ ಅಡಿಕೆ ತನ್ನ ಪಟ್ಟಿಯಲ್ಲೇ ಇತ್ತು. ಗೆರೆ ಮೊದಲು ಅಳಿಸಿದ್ದು ನೀರಿನಿಂದಲ್ಲ, ಕಾನೂನಿನಿಂದ ಎಂಬುದು ನನ್ನ ಅಂದಾಜು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಅವರಲ್ಲಿ ಹೆಚ್ಚಿನವರು ದೀವರು. ತಕರಾರು ಹತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಹೆಸರಿನೊಂದಿಗೆ ಬೆಸೆದುಕೊಂಡ ಆ ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಸರ್ಕಾರದ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಇದಕ್ಕೂ ಅಡಿಕೆಗೂ ಏನು ನಂಟು ಎಂದರೆ, ಅಡಿಕೆ ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಮುಂದಿನ ವರ್ಷ ಗದ್ದೆ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದ ಗೇಣಿದಾರ ಯಾವ ಧೈರ್ಯದಿಂದ ಮರ ನೆಟ್ಟಾನು? ಪಹಣಿಯಲ್ಲಿ ಹೆಸರು ಬಂದ ಮೇಲೆ ನೆಡಬಹುದಾಯಿತು. ಮೊದಲು ಗದ್ದೆಯ ಅಂಚು, ಆಮೇಲೆ ಮಕ್ಕಿ, ನಂತರ ಬೈಲು. ಇದನ್ನು ಭತ್ತದ ಸಾವು ಎಂದು ಮರುಗುವವರು, ಆ ಭತ್ತವನ್ನು ಬೆಳೆದವರ ಅಟ್ಟದಲ್ಲಿ ಎಷ್ಟು ಉಳಿಯುತ್ತಿತ್ತು ಎಂಬುದನ್ನೂ ಒಮ್ಮೆ ಕೇಳಿಕೊಳ್ಳಬೇಕು.

ಅಷ್ಟರಲ್ಲಿ ನದಿಗಳ ದಿಕ್ಕು ತನ್ನ ಕೆಲಸ ಮಾಡಿತ್ತು. ಪಡುವಣಕ್ಕೆ ಧುಮುಕುವ ಶರಾವತಿ ವಿದ್ಯುತ್ತಿಗೆ ಒದಗಿದಳು. ಮೂಡಣಕ್ಕೆ ಹರಿಯುವ ಭದ್ರೆ ನೀರಾವರಿಗೆ. 1964ರ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ್ದು ಕಣಿವೆಗಳನ್ನು. ಮಲೆನಾಡಿನಲ್ಲಿ ಕಣಿವೆ ಎಂದರೆ ತೋಟ, ಗದ್ದೆ, ಮನೆ; ಬೋಳು ನೆತ್ತಿಗಳು ಈಗ ನಡುಗಡ್ಡೆಗಳಾಗಿ ನೀರಿನ ಮೇಲೆ ನಿಂತಿವೆ. ಒಕ್ಕಲೆದ್ದವರಲ್ಲಿ ಬಹಳ ಮಂದಿಗೆ ಹಕ್ಕುಪತ್ರದ ತಂಟೆ ಇನ್ನೂ ಮುಗಿದಿಲ್ಲ. ಅತ್ತ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನಾಲೆಗಳು 1960ರ ದಶಕದಲ್ಲಿ ಭದ್ರಾವತಿ, ಚನ್ನಗಿರಿ, ದಾವಣಗೆರೆಯ ಕಡೆ ನೀರು ಹರಿಸಿದವು. ಭತ್ತಕ್ಕೆಂದು ಬಂದ ನಾಲೆಯ ನೀರನ್ನು ಅಡಿಕೆಯೂ ಕುಡಿಯಿತು. ನಾಲೆ ಮುಟ್ಟದ ಕಡೆ ಕೊಳವೆಬಾವಿ ಬಂತು. 1990ರ ದಶಕದ ಆರಂಭದಲ್ಲಿ, ಸೊರಬದವರೇ ಆದ ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ, 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಯಿತು. ಸಾಗರದ ಕಣಿವೆಗಳು ಮುಳುಗಿ ಹುಟ್ಟಿದ ವಿದ್ಯುತ್ತಿನಲ್ಲೊಂದು ಪಾಲು ಬಯಲಿನ ಅಡಿಕೆಗೆ ನೀರೆತ್ತುತ್ತಿದೆ. ಅದೇ ಸುಮಾರಿಗೆ ಗುಟ್ಕಾ ಹಬ್ಬಿ ಕೆಂಪಡಿಕೆಯ ಬೆಲೆ ಏರಿತು. ಸೊಪ್ಪಿನ ಬೆಟ್ಟದ ಜಾಗಕ್ಕೆ ಗೊಬ್ಬರದ ಚೀಲ ಬಂತು, ಬಸಿಗಾಲುವೆ ತೋಡುವ ಆಳುಗಳ ಜಾಗಕ್ಕೆ ಜೆಸಿಬಿ.

ಬಯಲಿಗೆ ಹೋದ ಅಡಿಕೆ ಒಂದು ಲಾಭ ಮಾಡಿಕೊಂಡಿತು. ಅಲ್ಲಿ ಮಳೆ ಕಡಿಮೆ, ಹಾಗಾಗಿ ಕೊಳೆಯ ಕಾಟವೂ ಕಡಿಮೆ. ಬಿಸಿಲು ಧಾರಾಳ, ಬೇಯಿಸಿದ ಅಡಿಕೆ ಬೇಗ ಒಣಗುತ್ತದೆ. ನೆಲ ಮಟ್ಟಸ, ಟ್ರ್ಯಾಕ್ಟರ್ ಮರದ ಬುಡಕ್ಕೇ ಬರುತ್ತದೆ. ಎಷ್ಟೋ ಮಂದಿ ಫಸಲನ್ನು ಮರದಲ್ಲಿರುವಾಗಲೇ ಖೇಣಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಖೇಣಿದಾರರು ಸುಲಿದ ಸಿಪ್ಪೆಯ ರಾಶಿ ಹೆದ್ದಾರಿಯ ಬದಿಯಲ್ಲಿ ಹೊಗೆಯಾಡುತ್ತಿರುತ್ತದೆ. ಇತ್ತ ಶೃಂಗೇರಿ, ಕೊಪ್ಪದಲ್ಲಿ ಹಳದಿ ಎಲೆ ರೋಗ ತೋಟಗಳನ್ನು ದಶಕಗಳಿಂದ ಬರಿದು ಮಾಡುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರದ ಕಣಿವೆಗಳಲ್ಲಿ ಹಬ್ಬಿದೆ. ಅದು ಶಿಲೀಂಧ್ರದ ರೋಗ. ತೇವ, ಮಂಜು, ಗಾಳಿಯಾಡದ ಇಕ್ಕಟ್ಟು ಅದಕ್ಕೆ ಪ್ರಿಯ. ಪಡುವಣ ಬಿಸಿಲಿಗೆ ಮರೆ ಕೊಟ್ಟ ಅದೇ ಗುಡ್ಡಗಳ ನಡುವೆ ಈಗ ಸೋಗೆಗಳು ಸುಟ್ಟಂತೆ ಒಣಗುತ್ತಿವೆ. ಇಳಿಜಾರಿನ ಅರ್ಧ ಎಕರೆ, ಒಂದು ಎಕರೆ ತೋಟಕ್ಕೆ ಕೊನೆಗಾರ ಸಿಕ್ಕುವುದೂ ಕಷ್ಟ. ದರವನ್ನು ಮಾತ್ರ ಎರಡೂ ಕಡೆಯವರು ಒಂದೇ ಮಂಡಿಯಲ್ಲಿ ಕೇಳಬೇಕು.

ಕಳೆದ ಬೇಸಗೆಯಲ್ಲಿ ಚನ್ನಗಿರಿಯ ಹಾದಿಯಲ್ಲಿ ಒಂದು ಎಳೆ ತೋಟದ ಪಕ್ಕ ನಿಂತಿದ್ದೆ. ಸಸಿಗಳ ನಡುವೆ ನೆರಳಿಗೆಂದು ಬಾಳೆ ಹಾಕಿದ್ದರು. ಹೊರಸಾಲಿನ ದೊಡ್ಡ ಮರಗಳಿಗೆ ಆಳೊಬ್ಬ ಬಕೆಟ್ ಹಿಡಿದು ಸುಣ್ಣ ಬಳಿಯುತ್ತಿದ್ದ. ಪೂರ್ತಿ ಸುತ್ತ ಬಳಿಯುತ್ತಿರಲಿಲ್ಲ, ಪಡುವಣ ಮಗ್ಗುಲಿಗೆ ಮಾತ್ರ. ಯಾಕೆ ಎಂದು ಕೇಳಿದೆ. ‘ಆ ಕಡೆಯಿಂದಲೇ ಅಲ್ಲವೇ ಬಿಸಿಲು ಹೊಡೆಯುವುದು’ ಎಂದು ಹೇಳಿ ಮುಂದಿನ ಮರಕ್ಕೆ ಹೋದ.