ಊರ ಕೆರೆಯ ಏರಿ: ಎಷ್ಟು ಗಟ್ಟಿ, ಒಡೆದರೆ ಎಷ್ಟು ಹಾನಿ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಏರಿ ಗಟ್ಟಿಯಾಗಿದೆಯಾ ಅನ್ನೋದು ಒಂದು ಪ್ರಶ್ನೆ. ಅದು ಒಡೆದರೆ ಕೆಳಗಿನವರ ಗತಿ ಏನು ಅನ್ನೋದು ಬೇರೆಯೇ ಪ್ರಶ್ನೆ. ಅಪಾಯದ ದರ್ಜೆ ಕೊಡುವುದು ಎರಡನೇ ಪ್ರಶ್ನೆಯ ಉತ್ತರದ ಮೇಲೆ. ಹೊಸದಾಗಿ ಕಟ್ಟಿದ ಗಟ್ಟಿ ಏರಿಯಾದರೂ ಅದರ ಕೆಳಗೆ ನಾಲ್ಕು ಮನೆ ಇದ್ದರೆ ದರ್ಜೆ 'ಹೆಚ್ಚು'. ಬಿರುಕು ಬಿಟ್ಟ ಏರಿಯ ಕೆಳಗೆ ಬರೀ ಹುಲ್ಲಿನ ಬೇಣ ಇದ್ದರೆ ದರ್ಜೆ 'ಕಡಿಮೆ'. ಎರಡನ್ನೂ ಬೇರೆ ಬೇರೆ ನೋಡಿ, ಆಮೇಲೆ ಒಟ್ಟಿಗೆ ಇಟ್ಟು ತೂಗಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇದು ಯಾಕೆ ಮುಖ್ಯ? ಇಲ್ಲಿ ಕೆರೆ ಇರುವುದು ಗುಡ್ಡದ ಬುಡದಲ್ಲಿ. ಅದರ ಕೆಳಗೆ ಅಡಿಕೆ ತೋಟ, ತೋಟದ ಅಂಚಿಗೇ ಮನೆ, ಕೊಟ್ಟಿಗೆ. ಹಳ್ಳಕ್ಕೆ ಅಡ್ಡಲಾಗಿ ಮಕ್ಕಳು ಶಾಲೆಗೆ ದಾಟುವ ಸಂಕ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರ್ ನಡುವಿನವು ಕೆಲವು ಷರತ್ತಿನ ಮೇಲೆ ಸೇರುತ್ತವೆ. ನಮ್ಮ ಊರಿನ ಕೆರೆಗಳಲ್ಲಿ ಹೆಚ್ಚಿನವು ಈ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅವನ್ನು ನೋಡಿಕೊಳ್ಳುವ ಹೊಣೆ ಹತ್ತಿರ ಇರುವವರದ್ದೇ.

ಚಿಕ್ಕ ಕೆರೆ ಒಡೆದರೆ ಏನು ಮಹಾ ನೀರು ಬಂದೀತು ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಏರಿ ಒಡೆದಾಗ ನುಗ್ಗುವ ಗರಿಷ್ಠ ನೀರನ್ನು ಅಂದಾಜಿಸಲು ಫ್ರೋಲಿಕ್ ಸೂತ್ರ (1995) ಬಳಸುತ್ತಾರೆ. ನೀರಿನ ಪ್ರಮಾಣದ 0.295 ಘಾತ, ಆಳದ 1.24 ಘಾತ, ಇವೆರಡನ್ನು ಗುಣಿಸಿ ಮತ್ತೆ 0.607ರಿಂದ ಗುಣಿಸಬೇಕು. 6 ಮೀಟರ್ ಆಳ, 1 ಲಕ್ಷ ಘನ ಮೀಟರ್ ನೀರು ಇರುವ ಕೆರೆಗೆ ಉತ್ತರ ಸೆಕೆಂಡಿಗೆ ಸುಮಾರು 167 ಘನ ಮೀಟರ್. ತೋಟದ ಹಳ್ಳಕ್ಕೆ ಇದನ್ನು ಹೊರುವ ಶಕ್ತಿ ಎಲ್ಲಿದೆ? ಇನ್ನೊಂದು ವಿಷಯ ಗಮನಿಸಿ. ಆಳ ಅಷ್ಟೇ ಇದ್ದು ನೀರು ಎರಡು ಪಟ್ಟಾದರೆ ರಭಸ ಏರುವುದು 1.2 ಪಟ್ಟು ಮಾತ್ರ. ನೀರು ಅಷ್ಟೇ ಇದ್ದು ಆಳ ಎರಡು ಪಟ್ಟಾದರೆ 2.4 ಪಟ್ಟು. ಅಂದರೆ ಕೆರೆಯ ವಿಸ್ತಾರಕ್ಕಿಂತ ಏರಿಯ ಎತ್ತರಕ್ಕೇ ಹೆಚ್ಚು ಹೆದರಬೇಕು.

ಕೆಳಗಿನ ಮನೆ ಎಣಿಸುವಾಗ ರಾತ್ರಿ ಹೊತ್ತನ್ನು ಮನಸ್ಸಲ್ಲಿಟ್ಟು ಎಣಿಸಿ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಅಣೆಕಟ್ಟು ಒಡೆದು ಕೆಳಗಿನ ಮನೆಗಳು ಕೊಚ್ಚಿಹೋದವು, ಜನ ಸತ್ತರು. ಸೋರುತ್ತಿದೆ ಅಂತ ಊರಿನವರು ಮೊದಲೇ ದೂರಿದ್ದರು. ಅದೂ ನಮ್ಮದೇ ಸಹ್ಯಾದ್ರಿ ಸಾಲು, ನಮ್ಮದೇ ಮುಂಗಾರು. ನಿಮ್ಮ ಕೆರೆಯ ಕೆಳಗೆ ಇನ್ನೊಂದು ಕೆರೆ ಇದ್ದರೆ ಅದನ್ನೂ ಲೆಕ್ಕಕ್ಕೆ ತನ್ನಿ. ಮೇಲಿನದು ಒಡೆದರೆ ಕೆಳಗಿನದೂ ಉಳಿಯುವುದು ಕಷ್ಟ.

ಈಗ ಏರಿಯ ಗಟ್ಟಿತನ. ಮಣ್ಣಿನ ಏರಿಗಳು ಹೆಚ್ಚಾಗಿ ಹಾಳಾಗುವುದು ಎರಡು ಕಾರಣಕ್ಕೆ: ನೀರು ಏರಿಯ ಮೇಲೆ ಹತ್ತಿ ಹರಿಯುವುದು, ಇಲ್ಲವೇ ಒಳಗಿಂದ ಮಣ್ಣು ಕೊರೆದುಕೊಂಡು ಹೋಗುವುದು. ಜನ ಮೊದಲು ಬಿರುಕು ಹುಡುಕುತ್ತಾರೆ. ನನ್ನ ಪ್ರಕಾರ ಮೊದಲು ಕೋಡಿಗೆ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗಕ್ಕೆ ಹೋಗಬೇಕು.

ಒಂದು ಉದಾಹರಣೆ. 200 ಹೆಕ್ಟೇರ್ ಜಲಾನಯನ, ಗಂಟೆಗೆ 60 ಮಿ.ಮೀ. ಮಳೆ, ಅದರಲ್ಲಿ ಅರ್ಧ ಹರಿದು ಬರುತ್ತದೆ ಅಂತಿಟ್ಟುಕೊಳ್ಳಿ. 0.5 × 60 × 200 ÷ 360, ಅಂದರೆ ಸೆಕೆಂಡಿಗೆ 16.7 ಘನ ಮೀಟರ್ (360ರಿಂದ ಭಾಗಿಸುವುದು ಮಿ.ಮೀ., ಗಂಟೆ, ಹೆಕ್ಟೇರ್ ಲೆಕ್ಕವನ್ನು ಸೆಕೆಂಡಿಗೆ ಘನ ಮೀಟರ್ ಮಾಡಲು). ಕೋಡಿ 8 ಮೀಟರ್ ಅಗಲ ಇದೆ. ಇಷ್ಟು ನೀರು ದಾಟಲು ಕೋಡಿಯ ಮೇಲೆ ಸುಮಾರು 1.15 ಮೀಟರ್ ನೀರು ನಿಲ್ಲಬೇಕು. ಏರಿಯ ನೆತ್ತಿ ಕೋಡಿಗಿಂತ 1.5 ಮೀಟರ್ ಮೇಲಿದ್ದರೆ 35 ಸೆಂ.ಮೀ. ಉಳಿಯುತ್ತದೆ. ಬಚಾವ್. ಆದರೆ ಬೇಸಗೆಯಲ್ಲಿ ತೋಟಕ್ಕೆ ನೀರು ಸಾಲದು ಅಂತ ಯಾರೋ ಕೋಡಿಗೆ ಅರ್ಧ ಮೀಟರ್ ಮರಳಿನ ಚೀಲ ಜೋಡಿಸಿದ್ದಾರೆ, ಮಳೆ ಬಂದರೂ ತೆಗೆದಿಲ್ಲ ಅಂದುಕೊಳ್ಳಿ. ಉಳಿದದ್ದು 1 ಮೀಟರ್ ಮಾತ್ರ. ಅಷ್ಟರಲ್ಲಿ ದಾಟುವುದು ಸೆಕೆಂಡಿಗೆ 13.6 ಘನ ಮೀಟರ್. ಉಳಿದ 3 ಘನ ಮೀಟರ್ ಏರಿಯ ಮೇಲೆ! ಮೀನು ಹೋಗದಿರಲಿ ಅಂತ ಕೋಡಿಗೆ ಕಟ್ಟುವ ಬಲೆಗೆ ದರಗು (ಉದುರಿದ ಒಣ ಎಲೆ) ಸಿಕ್ಕಿಕೊಂಡರೂ ಇದೇ ಕಥೆ. ಕೆರೆ ಒಂದಿಷ್ಟು ನೀರು ಹಿಡಿದಿಟ್ಟು ರಭಸ ತಗ್ಗಿಸುತ್ತದೆ ನಿಜ, ಆದರೆ ಆಗಲೇ ತುಂಬಿದ ಚಿಕ್ಕ ಕೆರೆಯಲ್ಲಿ ಅದನ್ನು ನಂಬಿ ಕೂರಬಾರದು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಅಂತ ಬರೆದರೆ ಈ ಲೆಕ್ಕಕ್ಕೆ ಉಪಯೋಗವಿಲ್ಲ. ಬೇಕಾಗಿದ್ದು ಗಂಟೆಯ ರಭಸ. ಚಿಕ್ಕ ಕಟ್ಟೆಗಳಿಗೆ 100 ವರ್ಷದ ಪ್ರವಾಹವನ್ನು (ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ನೂರಕ್ಕೆ ಒಂದು ಇರುವಂಥದ್ದು) ದಾಟಿಸುವಂತೆ ಕೋಡಿ ಕಟ್ಟಬೇಕು ಅನ್ನುತ್ತದೆ ಭಾರತೀಯ ಮಾನಕ 11223. ನೂರು ವರ್ಷಕ್ಕೊಮ್ಮೆ ತಾನೇ ಅಂತ ಸುಮ್ನೆ ಇರಬೇಡಿ. 50 ವರ್ಷದಲ್ಲಿ ಒಮ್ಮೆಯಾದರೂ ಅಂಥ ಪ್ರವಾಹ ಬರುವ ಸಾಧ್ಯತೆ ಶೇ. 39ಕ್ಕಿಂತ ಜಾಸ್ತಿ.

ಇನ್ನು ಸೋರಿಕೆ. ಏರಿಯ ಬುಡ ಒದ್ದೆಯಾದ ಕೂಡಲೇ ಗಾಬರಿ ಬೇಡ. ಎಲ್ಲ ಮಣ್ಣಿನ ಏರಿಯೂ ಸ್ವಲ್ಪ ಸೋರುತ್ತದೆ. ಸೋರುವ ನೀರನ್ನು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಡಿ. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಅಂತ ಅರ್ಥ. ತೂಬಿನ (ಕೆರೆಯಿಂದ ನೀರು ಬಿಡುವ ಬಾಗಿಲು) ಪೈಪಿನ ಪಕ್ಕ, ಏಡಿ ಬಿಲ, ಹುತ್ತ, ಕಡಿದ ಮರದ ಕೊಳೆತ ಬೇರು, ಇವು ಮೊದಲು ನೋಡಬೇಕಾದ ಜಾಗಗಳು. ಬಿರುಕಿನಲ್ಲಿ ಏರಿಗೆ ಅಡ್ಡಲಾಗಿ, ಕೆರೆಯಿಂದ ತೋಟದ ಕಡೆಗೆ ಹೋಗುವುದು ಹೆಚ್ಚು ಕೆಟ್ಟದ್ದು, ಅದು ನೀರಿಗೆ ನೇರ ದಾರಿ. ಏರಿಯ ಉದ್ದಕ್ಕೆ ಬಿಟ್ಟ ಬಿರುಕು ಇಳಿಜಾರು ಜಾರುವ ಸೂಚನೆ ಇರಬಹುದು.

ಕೆಸರು ನೀರು ಬರುತ್ತಿದ್ದರೆ ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ ಮೇಲಕ್ಕೆ ಕಳಿಸಿ, ಪಂಚಾಯಿತಿಗೆ ಫೋನ್ ಮಾಡಿ. ನೀರು ಹೊರಬರುವ ಬಾಯಿಗೆ ಜೇಡಿ ಮಣ್ಣು ಬಡಿದು ಮುಚ್ಚಬೇಡಿ, ಅದು ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಮೇಲೆ ಮರಳು, ಅದರ ಮೇಲೆ ಜಲ್ಲಿ ಹಾಕಿ: ನೀರು ಹೋಗಲಿ, ಮಣ್ಣು ನಿಲ್ಲಲಿ. ತೂಬು ತೆಗೆದು ಕೆರೆಯ ನೀರು ಇಳಿಸಿ, ಆದರೆ ಏರಿಯ ಒಳಮೈ ಮೇಲೆ ಒಂದು ಕಣ್ಣಿಡಿ. ನೀರು ತೀರಾ ಬೇಗ ಇಳಿದರೆ ನೆನೆದ ಒಳಮೈ ಕುಸಿಯುತ್ತದೆ. ತೂಬು ಕೆಟ್ಟಿದ್ದರೆ ಪಂಪು ಹಚ್ಚಿ. ಏನೇ ಆದರೂ ಹಾರೆ ತಗೊಂಡು ಏರಿ ಕಡಿದು ನೀರು ಬಿಡಬೇಡಿ. ನೀವು ಒಂದು ಮೊಳ ಕಡಿದರೆ ಉಳಿದದ್ದನ್ನು ನೀರೇ ಕಡಿಯುತ್ತದೆ.