ಟೆಸ್ಟ್ ಕಿಟ್ ಸೊನ್ನೆ ಅನ್ನುತ್ತದೆ, ಪಾಚಿ ಯಾಕೆ ಬೆಳೆಯುತ್ತಲೇ ಇದೆ?

ಪ್ರಶ್ನೆ: ನನ್ನ ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ, ಆರು ತಿಂಗಳಾಯಿತು. ಕಲ್ಲಿನ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ಟೆಸ್ಟ್ ಮಾಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟೂ ಸೊನ್ನೆ. ಹಾಗಾದರೆ ಇದು ಏನು ತಿಂದು ಬೆಳೆಯುತ್ತಿದೆ?

ಉತ್ತರ: ನಿಮ್ಮ ಕಿಟ್ ಕೆಟ್ಟಿಲ್ಲ. ಆದರೆ ಅದು ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಾಚಿ ಆಗಲೇ ಹೀರಿಕೊಂಡದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಮೀನಿಗೆ ಆಹಾರ ಹಾಕಿದಾಗಲೆಲ್ಲ ಒಂದಿಷ್ಟು ಫಾಸ್ಫೇಟ್ ನೀರಿಗೆ ಇಳಿಯುತ್ತದೆ. ದಟ್ಟವಾಗಿ ಬೆಳೆದ ಪಾಚಿ ಅದನ್ನು ಹಾಗೆಯೇ ನುಂಗಿಬಿಡುತ್ತದೆ. ತಟ್ಟೆ ಖಾಲಿ ಇದೆ ಅಂದ ಮಾತ್ರಕ್ಕೆ ಯಾರೂ ಉಂಡಿಲ್ಲ ಅಂತ ಅಲ್ಲ, ಅಲ್ವಾ?

ಇನ್ನೊಂದು ಮೂಲ ಕಲ್ಲೇ. ರೀಫ್ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಫಾಸ್ಫೇಟ್ ಜಾಸ್ತಿ ಇದ್ದಾಗ ಅದು ಕಲ್ಲಿಗೆ ಅಂಟಿಕೊಳ್ಳುತ್ತದೆ, ಕಡಿಮೆಯಾದಾಗ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಪಾಚಿ ಹಿಡಿದು ಕೂತಿರುವುದೂ ಅದೇ ಕಲ್ಲನ್ನು.

ಹಾಗಾಗಿ ದಯವಿಟ್ಟು ಇನ್ನಷ್ಟು ಫಾಸ್ಫೇಟ್ ರಿಮೂವರ್ ಸುರಿಯಬೇಡಿ. ಸೊನ್ನೆಯಲ್ಲಿ ಮೊದಲು ಸೊರಗುವುದು ಪಾಚಿಯಲ್ಲ, ಹವಳ. ಬಣ್ಣ ಬಿಳುಚಿಕೊಳ್ಳುತ್ತದೆ. ಪಾಚಿಯ ಜಾಗಕ್ಕೆ ಗುಳ್ಳೆ ಗುಳ್ಳೆಯಾದ ಕಂದು ಲೋಳೆ, ಅಂದರೆ ಡೈನೋಫ್ಲಾಜೆಲೇಟ್, ಬಂದು ಕೂತರೆ ಕೂದಲು ಪಾಚಿಯೇ ವಾಸಿ ಅನ್ನಿಸುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಹವಳಕ್ಕೆ ಹಿತ.

ಮತ್ತೆ ಪಾಚಿಗೆ ಏನು ಮಾಡೋದು? ಕೈಯಿಂದ ಕೀಳಬೇಕು. ಇದಕ್ಕಿಂತ ದೊಡ್ಡ ಔಷಧಿ ನನಗೆ ಗೊತ್ತಿಲ್ಲ. ಎತ್ತಲು ಬರುವ ಕಲ್ಲನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿಗೆ ಇಳಿಸಿ. ಪಾಚಿಯನ್ನು ಬುಡದ ಹತ್ತಿರ ಹಿಡಿದು ಎಳೆಯಿರಿ, ಉಳಿದ ಗಿಡ್ಡ ಎಳೆಗಳನ್ನು ಹೊಸ ಟೂತ್‌ಬ್ರಷ್‌ನಿಂದ ಉಜ್ಜಿ. ಕಲ್ಲಿನ ಸಣ್ಣ ತೂತುಗಳಲ್ಲಿ ಬುಡ ಬಿಟ್ಟರೆ ವಾರದಲ್ಲೇ ಮತ್ತೆ ಹಸಿರು. ಬಕೆಟ್ಟಿನ ನೀರು ಪಾಲಕ್ ತೊಳೆದ ನೀರಿನ ಹಾಗೆ ಆಗುತ್ತದೆ, ಅದನ್ನು ಚೆಲ್ಲಿಬಿಡಿ. ಕದಲಿಸಲಾಗದ ಕಲ್ಲಾದರೆ ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಕಿತ್ತದ್ದನ್ನು ನೀರಿನ ಸಮೇತ ಹೊರಗೆಳೆಯುವ ಸೈಫನ್ ಪೈಪ್. ಪಾಚಿಯನ್ನು ಟ್ಯಾಂಕಿನೊಳಗೇ ಸಾಯಲು ಬಿಟ್ಟರೆ ತಿಂದದ್ದೆಲ್ಲ ನೀರಿಗೇ ವಾಪಸ್. ಹೊರಗೆ ತೆಗೆದರೆ ಮಾತ್ರ ಅದರೊಳಗಿನ ಫಾಸ್ಫೇಟೂ ಹೊರಗೆ ಹೋಗುತ್ತದೆ.

ಆಮೇಲೆ ನೀರು ನೋಡಿ. ನಾನು ಎಡವಿದ್ದು ಇಲ್ಲೇ. ಅಡುಗೆಮನೆಯ ಆರ್‌ಓ ನೀರನ್ನೇ ತಿಂಗಳುಗಟ್ಟಲೆ ಹಾಕುತ್ತಿದ್ದೆ. ಒಂದು ದಿನ ನೀರಿನಲ್ಲಿ ಕರಗಿದ ಖನಿಜ, ಲವಣವನ್ನು ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ 60! ಕುಡಿಯುವ ನೀರಿಗೆ ರುಚಿ ಬರಲೆಂದು ಅನೇಕ ಪ್ಯೂರಿಫೈಯರ್‌ಗಳಲ್ಲಿ ಖನಿಜವನ್ನು ಉಳಿಸುತ್ತಾರೆ. ಟ್ಯಾಂಕಿನಿಂದ ಆವಿಯಾಗುವುದು ಬರೀ ನೀರು. ಆವಿಯಾದದ್ದನ್ನು ತುಂಬಲು ಹಾಕುವ ಟಾಪ್‌ಅಪ್ ನೀರಿನ ಜೊತೆ ಬಂದದ್ದೆಲ್ಲ ಒಳಗೇ ಸೇರುತ್ತಾ ಹೋಗುತ್ತದೆ. ಆರ್‌ಓ ಆದ ಮೇಲೆ ಉಳಿದ ಖನಿಜವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಹಾಕಿಸಿ, ಮೀಟರ್ 0 ತೋರಿಸಬೇಕು. ಬೋರ್‌ವೆಲ್ ನೀರಿನ ಊರಿನಲ್ಲಿ ರೆಸಿನ್ ಬೇಗ ಮುಗಿಯುತ್ತದೆ, ಆಗಾಗ ನೋಡುತ್ತಿರಿ.

ಮೀನಿಗೆ ಕೊಡುವ ಫ್ರೋಜನ್ ಸೀಗಡಿಯನ್ನು ಕರಗಿಸಿ, ಆ ನೀರು ಚೆಲ್ಲಿ ಸೀಗಡಿ ಮಾತ್ರ ಹಾಕಿ. ಲೈಟ್ ದಿನಕ್ಕೆ 8 ಗಂಟೆ ಸಾಕು, ಕಿಟಕಿ ಬಿಸಿಲು ಬೀಳದಿರಲಿ. ಸಂಪ್, ಅಂದರೆ ಟ್ಯಾಂಕಿಗೆ ಜೋಡಿಸಿದ ಇನ್ನೊಂದು ಸಣ್ಣ ತೊಟ್ಟಿ, ಇದ್ದರೆ ಅಲ್ಲಿ ಕೀಟೋಮಾರ್ಫಾ ಬೆಳೆಸಿ. ಅದೂ ಪಾಚಿಯೇ, ಆದರೆ ನೀವು ಹೇಳಿದ ಜಾಗದಲ್ಲಿ ಬೆಳೆಯುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಕಿತ್ತು ಎಸೆಯಬಹುದು.

ಬಸವನಹುಳು ಕೊನೆಗೆ. ಟ್ರೋಕಸ್, ಟರ್ಬೊ ಎರಡೂ ಗಿಡ್ಡ ಪಾಚಿಯನ್ನು ಚೆನ್ನಾಗಿ ಮೇಯುತ್ತವೆ, ಉದ್ದ ಬೆಳೆದದ್ದರ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಮೊದಲು ನೀವು ಕಿತ್ತು, ಆಮೇಲೆ ಅವನ್ನು ಬಿಡಿ. ಟರ್ಬೊ ದೊಡ್ಡದು, ಅಂಟಿಸದ ಹವಳದ ತುಂಡನ್ನು ಉರುಳಿಸುತ್ತದೆ. ಟ್ರೋಕಸ್ ಬೆನ್ನಡಿಯಾಗಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ, ಹಾಗಾಗಿ ನನಗೆ ಅದೇ ಇಷ್ಟ.

ವಾರಕ್ಕೊಮ್ಮೆ ಕೀಳುತ್ತಾ ಎರಡು ಮೂರು ತಿಂಗಳು ತಾಳ್ಮೆ ಇರಲಿ. ಉಜ್ಜಿದ ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಮಚ್ಚೆ ಕಾಣಿಸಿಕೊಂಡರೆ ಅದನ್ನು ಉಜ್ಜಬೇಡಿ. ಅದು ಕೋರಲೈನ್, ಕಲ್ಲಿಗೆ ಸುಣ್ಣದ ಪದರದಂತೆ ಅಂಟುವ ಒಳ್ಳೆಯ ಪಾಚಿ. ಅದು ಹರಡಿದ ಕಡೆ ಕೂದಲು ಪಾಚಿಗೆ ಕಾಲೂರಲು ಜಾಗ ಕಡಿಮೆ.